ಅಂಗಳದ ಕಾರಿಗೆ ಊರಿನ ವೆಲ್ಡರೇ ಕಂಪನಿ

ಬುಗಾಟಿಯ ‘ಬೇಬಿ’ಯಿಂದ ಕಬ್ಬಿನ ಸೀಮೆಯ ಮರಿ ಟ್ರ್ಯಾಕ್ಟರ್‌ವರೆಗೆ: ಮಕ್ಕಳ ವಾಹನಗಳನ್ನು ಯಾರು ಕಟ್ಟಿದರು, ಹೇಗೆ ಕಟ್ಟಿದರು, ನಾವು ಕಟ್ಟುವುದಾದರೆ ಏನು ನೋಡಬೇಕು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಸ್ತೆಗಳು ಟ್ರ್ಯಾಕ್ಟರುಗಳ ಪಾಲು. ಹಿಂದೆ ಎರಡು ಟ್ರೇಲರು, ಅವುಗಳ ಮೇಲೆ ಆಳೆತ್ತರ ಮೀರಿದ ಕಬ್ಬು, ಬಾನೆಟ್ಟಿನ ಮೇಲೆ ಮನೆದೇವರ ಹೆಸರು, ದೂರದಿಂದಲೇ ಕೇಳಿಸುವ ಹಾಡು. ನಾಗನೂರಿನಂಥ ಊರಲ್ಲಿ ಬೆಳೆಯುವ ಹುಡುಗನಿಗೆ ಇದಕ್ಕಿಂತ ಗತ್ತಿನ ವಾಹನ ಇನ್ನೊಂದಿಲ್ಲ. ಆಟಕ್ಕೆ ಅವನು ಮಾಡಿಕೊಳ್ಳುವುದೂ ಇದನ್ನೇ. ಹರಿದ ಹವಾಯಿ ಚಪ್ಪಲಿಯಿಂದ ದುಂಡಗೆ ಕೊಯ್ದ ಗಾಲಿ, ಸೈಕಲ್ ಕಡ್ಡಿಯ ಅಚ್ಚು, ರಟ್ಟಿನ ಡಬ್ಬಿಯ ಟ್ರೇಲರು, ಅದರ ತುಂಬ ಕಬ್ಬಿನಂತೆ ಒಪ್ಪವಾಗಿ ಪೇರಿಸಿದ ಹುಲ್ಲುಕಡ್ಡಿ.

ಈಚಿನ ವರ್ಷಗಳಲ್ಲಿ ಈ ಆಟ ಒಂದು ಮೆಟ್ಟಿಲು ಮೇಲೇರಿದೆ. ಪಿವಿಸಿ ಪೈಪು, ತಗಡಿನ ಚೂರು, ಹಳೆಯ ಆಟಿಕೆಯಿಂದ ಕಿತ್ತ ಮೋಟಾರು ಸೇರಿಸಿ, ಕಂಪನಿಯ ಬಣ್ಣ, ನಂಬರ್ ಪ್ಲೇಟು, ಲೈಟು ಸಮೇತ ಮರಿ ಟ್ರ್ಯಾಕ್ಟರ್ ಕಟ್ಟುವ ಹುಡುಗರ ವಿಡಿಯೊಗಳು ಉತ್ತರ ಕರ್ನಾಟಕದ ಮೊಬೈಲುಗಳಲ್ಲಿ ಓಡಾಡುತ್ತಿವೆ. ಇನ್ನೂ ಒಂದು ಮೆಟ್ಟಿಲು ಮೇಲೆ, ಮಗುವೇ ಹತ್ತಿ ಕೂತು ಓಡಿಸುವಂಥ ಜೀಪನ್ನೋ ಟ್ರ್ಯಾಕ್ಟರನ್ನೋ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ತಂದೆಯರಿದ್ದಾರೆ. “ಯಪ್ಪಾ, ನನಗೂ ಒಂದು ಮಾಡಿಸಿಕೊಡು” ಎಂದು ಮಗ ಹಟ ಹಿಡಿದರೆ ಕಬ್ಬಿಣ ಬಲ್ಲ ಅಪ್ಪ ಬಹಳ ದಿನ ಸುಮ್ಮನಿರಲಾರ.

ಇದನ್ನು ಹಳ್ಳಿಯ ಹುಚ್ಚೆಂದು ತಳ್ಳಿಹಾಕುವವರು ಒಂದು ವಿಷಯ ತಿಳಿಯಬೇಕು. ಜಗತ್ತಿನ ಅತಿ ದುಬಾರಿ ಕಾರು ಕಟ್ಟಿದವನೂ ಒಮ್ಮೆ ಮಾಡಿದ್ದು ಇದೇ ಕೆಲಸ. ಮಕ್ಕಳ ಕಾರುಗಳ ನೂರು ವರ್ಷದ ಚರಿತ್ರೆಯನ್ನು ತಿರುವಿ ನೋಡಿದರೆ ಇಂದಿಗೂ ಓಡುತ್ತಿರುವ ಹಳೆಯ ಕಾರುಗಳಲ್ಲೆಲ್ಲ ಒಂದು ಸಮಾನ ಗುಣ ಕಾಣುತ್ತದೆ: ಅವನ್ನು ಬಿಚ್ಚಿ ಜೋಡಿಸಬಹುದು, ಕೆಟ್ಟರೆ ಒಬ್ಬ ಕಮ್ಮಾರ, ಒಬ್ಬ ಸೈಕಲ್ ರಿಪೇರಿಯವ ಸರಿಮಾಡಬಲ್ಲ. ಆ ಲೆಕ್ಕದಲ್ಲಿ ನಮ್ಮ ಸೀಮೆಗೆ ಕೊರತೆಯೇನಿಲ್ಲ.

ಕಣಿಕೆಯ ಬಂಡಿ, ಗೋಕಾಕದ ಗೊಂಬೆ

ಮಕ್ಕಳ ಆಟದ ಗಾಡಿ ಊರಿನ ಬೇಸಾಯದ ಬೆನ್ನು ಹತ್ತಿಯೇ ಬರುತ್ತದೆ. ಮಳೆ ನಂಬಿ ಜೋಳ ಬೆಳೆಯುತ್ತಿದ್ದ ಕಾಲದಲ್ಲಿ ಆಟದ ಸಾಮಾನೂ ಜೋಳದ್ದೇ. ಒಣಗಿದ ಕಣಿಕೆಯ ಸಿಬಿರು ಸುಲಿದು, ಒಳಗಿನ ಬೆಂಡನ್ನು ಅಳತೆಗೆ ತುಂಡು ಮಾಡಿ, ಅದೇ ಸಿಬಿರನ್ನು ಮೊಳೆಯಂತೆ ಚುಚ್ಚಿದರೆ ಚಕ್ಕಡಿ ಸಿದ್ಧ. ಅಂಟು ಬೇಡ, ತಂತಿ ಬೇಡ, ಕಾಸು ಬೇಡ. ಮುರಿದರೆ ಬಣವೆಯಿಂದ ಇನ್ನೊಂದು ಕಣಿಕೆ ಎಳೆದುಕೊಂಡರಾಯಿತು. ಮಣ್ಣೆತ್ತಿನ ಅಮವಾಸ್ಯೆಗೆ ತಿದ್ದಿದ ಎತ್ತಿನ ಜೋಡಿ ಪೂಜೆ ಮುಗಿದ ಮೇಲೆ ಮಕ್ಕಳ ಕೈಗೆ ಬರುತ್ತಿತ್ತು. ರೈತರ ಚಕ್ಕಡಿ ಮಾಡುವ ಬಡಿಗೇರರು ಉಳಿದ ಕಟ್ಟಿಗೆಯ ತುಂಡಿನಲ್ಲಿ ನಡಿಗೆ ಕಲಿಯುವ ಕೂಸಿಗೆ ಮೂರು ಗಾಲಿಯ ತಳ್ಳುಗಾಡಿ ಮಾಡಿಕೊಡುತ್ತಿದ್ದರು.

ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿತ್ತು. ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಜಲಾಶಯ ಎದ್ದಿತು. ಕಾಲುವೆ ನೀರು ಹರಿದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಕಾರ್ಖಾನೆಯ ಹಿಂದೆ ಟ್ರ್ಯಾಕ್ಟರು. ಕೊಟ್ಟಿಗೆಯಲ್ಲಿ ಎತ್ತಿದ್ದ ಜಾಗಕ್ಕೆ ಅದು ಬಂದು ನಿಂತಂತೆಯೇ ಆಟದ ಚೀಲದಲ್ಲೂ ಬಂದು ಕೂತಿತು. ಕಣಿಕೆಯ ಚಕ್ಕಡಿಗೂ ಚಪ್ಪಲಿ ಗಾಲಿಯ ಟ್ರ್ಯಾಕ್ಟರಿಗೂ ನಡುವೆ ಇರುವುದು ಈ ನೀರಾವರಿಯ ಕಥೆ.

ಇದೇ ಸೀಮೆಯಲ್ಲಿ ಇನ್ನೊಂದು ಕಸುಬೂ ಇದೆ. ಗೋಕಾಕ ಅಂದರೆ ಹೊರಗಿನವರಿಗೆ ಕರದಂಟು ಮತ್ತು ಜಲಪಾತ ನೆನಪಾಗುತ್ತವೆ. ಗೊಂಬೆ ನೆನಪಾಗುವುದು ಕಡಿಮೆ. ಸುತ್ತಲ ಗುಡ್ಡದಲ್ಲಿ ಸಿಗುವ ಹಗುರ ಮರ ಮತ್ತು ಒಂದು ಬಗೆಯ ಮಣ್ಣಿನಿಂದ ಆಕೃತಿಗಳನ್ನೂ ಹಣ್ಣುಗಳನ್ನೂ ಮಾಡುವ ಊರು ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಗೋಕಾಕವನ್ನು ಗುರುತಿಸಿತ್ತು. ದೇವರ ಮೂರ್ತಿ, ಹಕ್ಕಿ, ನಿಜವೆಂದು ಕೈಚಾಚುವಂಥ ಮಾವು, ಬಾಳೆ ಈ ಕಲೆಯ ಹೆಗ್ಗಳಿಕೆ. ಹಗುರ ಮರವನ್ನು ಕೆತ್ತಿ, ಮೈಯನ್ನು ನುಣುಪು ಮಾಡಿ ಬಣ್ಣ ಬಳಿಯುವ ಕೈಗಳು ಇಂದಿಗೂ ಅಲ್ಲಿವೆ, ಮೊದಲಿನಷ್ಟು ಮನೆಗಳಿಲ್ಲ ಅಷ್ಟೆ. ರಾಜ್ಯದ ಇನ್ನೊಂದು ತುದಿಯ ಚನ್ನಪಟ್ಟಣ ಅರಗಿನ ಬಣ್ಣದ ಗೊಂಬೆಯ ಜೊತೆಗೆ ಕಾರು, ರೈಲುಗಳನ್ನೂ ಮಾಡತೊಡಗಿ ಮಾರುಕಟ್ಟೆ ಹಿಡಿಯಿತು. ಗೋಕಾಕದ ಹೆಸರು ಇಂದಿಗೂ ಹಣ್ಣು ಮತ್ತು ದೇವರ ಮೂರ್ತಿಗಳಿಂದಲೇ. ಗಾಲಿಯ ಕಡೆಗೆ ಅದು ಇನ್ನೂ ಹೊರಳಬಹುದು.

ಮಗನ ಹುಟ್ಟುಹಬ್ಬಕ್ಕೆ ಅರ್ಧ ಅಳತೆಯ ಕಾರು

1926ರಲ್ಲಿ ಫ್ರಾನ್ಸಿನ ಮೋಲ್‌ಶೈಮ್ ಪಟ್ಟಣದಲ್ಲಿ ಕಾರು ತಯಾರಕ ಎತ್ತೊರೆ ಬುಗಾಟಿ ತನ್ನ ಕಿರಿಯ ಮಗ ರೋಲಾನನಿಗೆ ಹುಟ್ಟುಹಬ್ಬದ ಉಡುಗೊರೆ ಮಾಡಿಸಿದ. ಹುಡುಗನಿಗೆ ಆಗ ನಾಲ್ಕು ವರ್ಷ. ಕಂಪನಿಯ ಹೆಸರಾಂತ ರೇಸ್ ಕಾರು ‘ಟೈಪ್ 35’ನ್ನು ಸರಿಯಾಗಿ ಅರ್ಧ ಅಳತೆಗೆ ಇಳಿಸಿ, 12 ವೋಲ್ಟ್ ಬ್ಯಾಟರಿ ಮತ್ತು ವಿದ್ಯುತ್ ಮೋಟಾರು ಕೂರಿಸಿದ್ದರು. ಮುಂದಕ್ಕೂ ಹಿಂದಕ್ಕೂ ಓಡುತ್ತಿತ್ತು, ನಾಲ್ಕೂ ಗಾಲಿಗೆ ಬ್ರೇಕು ಇತ್ತು. ಒಂದೇ ಒಂದು ಮಾಡುವ ಯೋಚನೆಯಿತ್ತು. ಕಾರ್ಖಾನೆಗೆ ಬಂದ ಶ್ರೀಮಂತ ಗಿರಾಕಿಗಳು ನೋಡಿದರು, ನಮ್ಮ ಮಕ್ಕಳಿಗೂ ಬೇಕೆಂದರು. ‘ಟೈಪ್ 52’ ಎಂಬ ಹೆಸರಿನಲ್ಲಿ, ಪ್ರೀತಿಯಿಂದ ‘ಬೇಬಿ’ ಎಂದು ಕರೆಸಿಕೊಂಡು, 1936ರವರೆಗೆ ಸುಮಾರು 500 ಕಾರುಗಳು ತಯಾರಾದವು. ಅದೇ ಬುಗಾಟಿ 2019ರಲ್ಲಿ ‘ಬೇಬಿ’ಯ ಎರಡನೆಯ ಅವತಾರವನ್ನು ಘೋಷಿಸಿತು, ಸಂಖ್ಯೆ ಮತ್ತೆ 500, ಆರಂಭದ ಬೆಲೆ 30,000 ಯೂರೊ. ಈ ಸಲ ಅಳತೆ ಮುಕ್ಕಾಲು. ಮಕ್ಕಳ ನೆಪದಲ್ಲಿ ಅಪ್ಪಂದಿರೂ ಕೂರಲಿ ಎಂಬ ಲೆಕ್ಕಾಚಾರ.

ಸಿರಿವಂತರ ಮಗುವಿನ ಗಾಡಿಗೂ ಬಡವರ ಮಗುವಿನ ಗಾಡಿಗೂ ಇರುವ ಅಂತರ ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ್ದಾನೆ, ಮನೆಯಲ್ಲಿ ಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ನಾಟಕದ ಮುಂದಿನ ಅನಾಹುತಕ್ಕೆಲ್ಲ ಆ ಒಡವೆಯೇ ಸಾಕ್ಷಿಯಾಗುತ್ತದೆ. ಆಟಿಕೆಗೆ ಹಣ ತುಂಬಿದರೆ ಏನಾಗುತ್ತದೆಂದು ಆ ಕವಿಗೆ ಗೊತ್ತಿತ್ತು.

ಗಣಿ ಕೆಲಸಗಾರರು ಕಟ್ಟಿದ ಆಸ್ಟಿನ್

ಮಕ್ಕಳ ಕಾರುಗಳ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಬುಗಾಟಿಯ ಕಥೆಗಿಂತ ಬಾರ್ಗೋಡ್ ಎಂಬ ಊರಿನ ಕಥೆ. ಬ್ರಿಟನ್ನಿನ ದಕ್ಷಿಣ ವೇಲ್ಸ್ ಕಲ್ಲಿದ್ದಲ ಸೀಮೆ. ವರ್ಷಗಟ್ಟಲೆ ಗಣಿಯ ದೂಳು ಕುಡಿದು ಶ್ವಾಸಕೋಶ ಕೆಟ್ಟ ಸಾವಿರಾರು ಜನ ಅಲ್ಲಿ ಕೆಲಸವಿಲ್ಲದೆ ಕೂತಿದ್ದರು. ಅವರು ಮತ್ತೆ ಗಣಿಗೆ ಇಳಿಯುವಂತಿರಲಿಲ್ಲ. ಆಸ್ಟಿನ್ ಕಾರು ಕಂಪನಿ ಸರ್ಕಾರದ ನೆರವಿನಿಂದ 1949ರಲ್ಲಿ ಅಲ್ಲಿ ಒಂದು ಕಾರ್ಖಾನೆ ತೆರೆಯಿತು. ಕೆಲಸಗಾರರು ಆ ಗಣಿಯವರೇ. ತಯಾರಾಗುತ್ತಿದ್ದುದು ಮಕ್ಕಳ ಪೆಡಲ್ ಕಾರು.

‘ಜೆ40’ ಎಂಬ ಆ ಕಾರು ಆಗಿನ ಆಸ್ಟಿನ್ ಎ40ರ ಪಡಿಯಚ್ಚು. ಕಂಪನಿಯ ಲಾಂಗ್‌ಬ್ರಿಜ್‌ನ ದೊಡ್ಡ ಕಾರ್ಖಾನೆಯಲ್ಲಿ ಉಳಿದ ಉಕ್ಕಿನ ತಗಡಿನ ತುಂಡುಗಳನ್ನೇ ತಂದು ಒತ್ತಿ ಮೈಕಟ್ಟು ಮಾಡುತ್ತಿದ್ದರು. ದೊಡ್ಡ ಕಾರಿಗೆ ಬಳಿಯುವಂಥ ಬಣ್ಣ, ಕ್ರೋಮ್ ಲೇಪದ ಬಂಪರು, ಗಾಳಿ ತುಂಬುವ ಟೈರು, ಉರಿಯುವ ಹೆಡ್‌ಲೈಟು, ಕೂಗುವ ಹಾರನ್ನು. ಬಾನೆಟ್ಟು ಎತ್ತಿದರೆ ಸ್ಪಾರ್ಕ್ ಪ್ಲಗ್ಗು ಸಮೇತ ತೋರಿಕೆಯ ಎಂಜಿನ್ನು. 1971ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 32,098 ಕಾರುಗಳು ಹೊರಬಂದಿದ್ದವು. ಅವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹಳೆಯ ಕಾರುಗಳ ಉತ್ಸವದಂದು ಮಕ್ಕಳಿಗಾಗಿ ಈ ಜೆ40ಗಳದ್ದೇ ಓಟದ ಪಂದ್ಯ 2012ರಿಂದ ನಡೆಯುತ್ತಿದೆ. ಅರ್ಧ ಶತಮಾನ ದಾಟಿದ ಆಟಿಕೆ ಇನ್ನೂ ಪಂದ್ಯಕ್ಕೆ ನಿಲ್ಲುವುದಕ್ಕೆ ಕಾರಣ ಸರಳ: ಅದು ಉಕ್ಕು, ಬೋಲ್ಟು ಮತ್ತು ಸರಳುಗಳಿಂದ ಆದದ್ದು. ತುಕ್ಕು ಹಿಡಿದರೆ ಉಜ್ಜಬಹುದು, ಬಾಗಿದರೆ ತಟ್ಟಬಹುದು, ಮುರಿದರೆ ಬೆಸೆಯಬಹುದು.

ಅಮೆರಿಕದಲ್ಲಿ ಮಕ್ಕಳೇ ಕಾರು ಕಟ್ಟಿಕೊಂಡರು. 1933ರಲ್ಲಿ ಓಹಾಯೊ ರಾಜ್ಯದ ಡೇಟನ್ ಊರಿನ ಪತ್ರಿಕಾ ಛಾಯಾಗ್ರಾಹಕ ಮೈರನ್ ಸ್ಕಾಟ್, ಹುಡುಗರು ಸಾಬೂನಿನ ಪೆಟ್ಟಿಗೆ, ಹಳೆಯ ಗಾಲಿ ಜೋಡಿಸಿಕೊಂಡು ಇಳಿಜಾರಿನಲ್ಲಿ ಜಾರುವುದನ್ನು ಕಂಡ. ಎಂಜಿನ್ನಿಲ್ಲ, ಪೆಡಲಿಲ್ಲ, ಇಳಿಜಾರೇ ಇಂಧನ. ಅವನ ಉತ್ಸಾಹದಿಂದ 1934ರಲ್ಲಿ ಹುಟ್ಟಿದ ‘ಸೋಪ್ ಬಾಕ್ಸ್ ಡರ್ಬಿ’ ಮರುವರ್ಷ ಆಕ್ರನ್ ನಗರಕ್ಕೆ ಹೋಗಿ ನೆಲೆನಿಂತಿತು. ಹಳೆಯ ಬೇರಿಂಗನ್ನೇ ಗಾಲಿ ಮಾಡಿ, ಹಲಗೆಯ ಮೇಲೆ ಕೂತು ಇಳಿಜಾರಿನಲ್ಲಿ ಗರಗರನೆ ಇಳಿದ ನಮ್ಮ ಊರಿನ ಹುಡುಗರು ಆ ಡರ್ಬಿಯ ಹೆಸರು ಕೇಳಿಲ್ಲದಿರಬಹುದು, ಆಡಿದ್ದು ಅದೇ ಆಟ.

ಅಂಗೈಯಲ್ಲಿ ಹಿಡಿಯುವ ಕಾರುಗಳದ್ದು ಬೇರೆಯೇ ದಾರಿ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್‌ನ ಮಗಳ ಶಾಲೆಯಲ್ಲಿ ಕಡ್ಡಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದೆಂಬ ನಿಯಮವಿತ್ತಂತೆ. ಅಪ್ಪ ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. 1953ರಿಂದ ‘ಮ್ಯಾಚ್‌ಬಾಕ್ಸ್’ ಕಾರುಗಳು ಮಾರುಕಟ್ಟೆಗೆ ಬಂದವು. ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ: ಲಿವರ್‌ಪೂಲಿನ ಪ್ರಸಿದ್ಧ ‘ಡಿಂಕಿ’ ಕಾರುಗಳ ಹಳೆಯ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತಾಗೆ ಬಂದು, ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮತ್ತೆ ಕಾರು ಹೆತ್ತವು. ಅಚ್ಚು ಸವೆದಿದ್ದರಿಂದ ಅಂಚು ಒರಟು, ಬಣ್ಣ ದಪ್ಪ. ಆಗ ಅಗ್ಗಕ್ಕೆ ಸಿಗುತ್ತಿದ್ದ ಅವನ್ನು ಈಗ ವಿದೇಶಿ ಸಂಗ್ರಾಹಕರೂ ಹುಡುಕುತ್ತಾರೆ.

ಸೈಕಲ್ ಅಂಗಡಿಯಿಂದ ದೇವರಾಷ್ಟ್ರೆಯ ಜೀಪಿನವರೆಗೆ

ಇನ್ನು ನಮ್ಮ ಕಡೆಗೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುಮಾಡಿದರು. ಸೈಕಲ್ ಮಾರಾಟ ಮತ್ತು ರಿಪೇರಿಯಿಂದ ಆರಂಭವಾದ ಆ ಕಸುಬು ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳ ಕಡೆಗೆ ಹೊರಳಿ, 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಾಯಿತು. ಮುಂದೆ ಬೆಳಗಾವಿ ಎರಕದ ಕಾರ್ಖಾನೆಗಳಿಗೆ, ಲೇತ್ ಅಂಗಡಿಗಳಿಗೆ ಹೆಸರಾಯಿತು. ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿ ಹಳ್ಳಿಗಳಿಗೆ ಕರೆಂಟು ಕೊಟ್ಟಿತು. ಕರೆಂಟು ಬಂದ ಊರಿಗೆ ಪಂಪ್‌ಸೆಟ್ಟು ಬಂತು. ಪಂಪ್‌ಸೆಟ್ಟು ಮತ್ತು ಟ್ರೇಲರುಗಳ ರಿಪೇರಿಗೆ ವೆಲ್ಡಿಂಗ್ ಅಂಗಡಿ ಬಂತು. ಇವತ್ತು ಟ್ರೇಲರಿನ ಕೊಂಡಿ ಮುರಿದರೆ ಸಂಜೆಯೊಳಗೆ ಬೆಸೆದುಕೊಡುವ ಕೈ ಬಹುತೇಕ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತದೆ.

ಇಂಥದೇ ಒಂದು ಕೈ 2021ರಲ್ಲಿ ದೇಶದ ಸುದ್ದಿಯಾಯಿತು.  ಕಿರ್ಲೋಸ್ಕರವಾಡಿಗೆ ಹತ್ತಿರದ ದೇವರಾಷ್ಟ್ರೆಯ ಕಮ್ಮಾರ ದತ್ತಾತ್ರೇಯ ಲೋಹಾರ ತಮ್ಮ ಮಗನ ಆಸೆಗೆಂದು ಹಳೆಯ ವಾಹನಗಳ ಬಿಡಿಭಾಗ ಜೋಡಿಸಿ ಪುಟ್ಟ ಜೀಪು ಕಟ್ಟಿದರು. ಖರ್ಚು ಸುಮಾರು 60,000 ರೂಪಾಯಿ. ಸ್ಟಿಯರಿಂಗ್ ಎಡಗಡೆ, ಸ್ಟಾರ್ಟ್ ಮಾಡುವುದು ಬೈಕಿನಂತೆ ಕಿಕ್ ಹೊಡೆದು. ವಿಡಿಯೊ ನೋಡಿದ ಉದ್ಯಮಿ ಆನಂದ್ ಮಹೀಂದ್ರಾ ಮೆಚ್ಚಿದರು. ಜೊತೆಗೇ ಇದು ನಿಯಮಗಳಿಗೆ ಹೊಂದುವುದಿಲ್ಲ, ಅಧಿಕಾರಿಗಳು ಎಂದಾದರೂ ತಡೆಯುತ್ತಾರೆ ಎಂದೂ ಹೇಳಿ, ಆ ಜೀಪನ್ನು ಕೊಟ್ಟರೆ ಬದಲಿಗೆ ಬೊಲೆರೊ ಕೊಡುವುದಾಗಿ ತಿಳಿಸಿದರು. 2022ರ ಜನವರಿಯಲ್ಲಿ ಆ ವಿನಿಮಯ ನಡೆಯಿತು. ಕೇರಳದ ಇಡುಕ್ಕಿಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಮಕ್ಕಳಿಗಾಗಿ ಬ್ಯಾಟರಿಯಿಂದ ಓಡುವ ಮರಿ ಆಟೊರಿಕ್ಷಾ ಮತ್ತು ಜೀಪನ್ನು ಮನೆಯಲ್ಲೇ ಕಟ್ಟಿ ಹೆಸರಾದರು. ಈ ಇಬ್ಬರ ಕೈಯಲ್ಲೂ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಒಬ್ಬರದು ಕುಲುಮೆಯ ಅನುಭವ, ಇನ್ನೊಬ್ಬರದು ಬಿಡುವಿನ ಹವ್ಯಾಸ.

ಮಹೀಂದ್ರಾ ಹೇಳಿದ ಆ ನಿಯಮದ ಮಾತನ್ನು ಮಾತ್ರ ವಿಡಿಯೊ ನೋಡುವ ಬಹಳ ಜನ ಮರೆಯುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಟ್ಟುವ ಲೆಕ್ಕ.

ಕಟ್ಟುವ ಮುನ್ನ ಒಂದಿಷ್ಟು ಲೆಕ್ಕ

ಪೆಡಲ್ ಕಾರಿನಲ್ಲಿ ಎರಡು ಜಾತಿ. ಹಳೆಯವುಗಳಲ್ಲಿ ಪೆಡಲು ಸುತ್ತುವುದಿಲ್ಲ, ಜೋಕಾಲಿಯಂತೆ ಹಿಂದೆ ಮುಂದೆ ಆಡುತ್ತದೆ. ಎರಡು ಉದ್ದ ಸರಳುಗಳು ಹಿಂದಿನ ಅಚ್ಚಿನ ಬಾಗುಗಳಿಗೆ ಸಿಕ್ಕಿಕೊಂಡು ಅಚ್ಚನ್ನು ತಿರುಗಿಸುತ್ತವೆ. ಚೈನಿಲ್ಲ, ಹಲ್ಲಿಲ್ಲ, ಹೀಗಾಗಿ ಬೆರಳು ಸಿಕ್ಕುವ ಜಾಗವೂ ಕಡಿಮೆ. ಎರಡನೆಯದು ಸೈಕಲ್ಲಿನಂತೆ ಚೈನು ಹಾಕಿದ್ದು. ಬಲ ಚೆನ್ನಾಗಿ ಸಾಗುತ್ತದೆ, ಬಿಡಿಭಾಗ ಸಂತೆಯಲ್ಲೇ ಸಿಗುತ್ತದೆ, ಆದರೆ ಚೈನಿಗೆ ಪೂರ್ತಿ ಮುಚ್ಚಳ ಬೇಕೇ ಬೇಕು.

ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡುತ್ತದೆ, ಒಳಗಿನದು ಕಡಿಮೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಗಾಲಿ ನೆಲಕ್ಕೆ ಉಜ್ಜುತ್ತದೆ, ಕಾರು ತಿರುಗಲು ಒಪ್ಪುವುದಿಲ್ಲ. ದೊಡ್ಡ ವಾಹನದಲ್ಲಿ ಇದಕ್ಕೆ ಡಿಫರೆನ್ಷಿಯಲ್ ಇರುತ್ತದೆ. ಮಕ್ಕಳ ಕಾರಿಗೆ ಅದು ಬೇಡ: ಹಿಂದಿನ ಒಂದು ಗಾಲಿಯನ್ನು ಮಾತ್ರ ಅಚ್ಚಿಗೆ ಬಿಗಿದು ಇನ್ನೊಂದನ್ನು ಬೇರಿಂಗಿನ ಮೇಲೆ ಸ್ವತಂತ್ರವಾಗಿ ಬಿಟ್ಟರೆ ಸಾಕು. ಮುಂದಿನ ಗಾಲಿಗಳದ್ದೂ ಇದೇ ತಕರಾರು. ತಿರುವಿನಲ್ಲಿ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ಓರೆಯಾಗಬೇಕು. ಕುದುರೆ ಗಾಡಿಗಳ ಕಾಲದಲ್ಲಿ, 1818ರಲ್ಲೇ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ ಹೆಸರಿನಲ್ಲಿ ಪೇಟೆಂಟ್ ಆದ ಜೋಡಣೆ ಇದಕ್ಕೆ ಉತ್ತರ. ಗಾಲಿಯ ಪಕ್ಕದ ಎರಡು ಸಣ್ಣ ತೋಳುಗಳನ್ನು ಹಿಂದಿನ ಅಚ್ಚಿನ ನಡುಬಿಂದುವಿನತ್ತ ಓರೆಯಾಗಿ ಬೆಸೆದು ಅವೆರಡನ್ನೂ ಒಂದು ಸರಳಿನಿಂದ ಕೂಡಿಸಬೇಕು. ಟ್ರ್ಯಾಕ್ಟರಿನ ಮುಂದೆ ಬಗ್ಗಿ ನೋಡಿದರೆ ಇದೇ ಜೋಡಣೆ ಕಣ್ಣಿಗೆ ಬೀಳುತ್ತದೆ. ಬೇರೆ ಪುಸ್ತಕ ಬೇಕಿಲ್ಲ.

ಬ್ಯಾಟರಿ ಹಾಕುವುದಾದರೆ ವೇಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಂಟೆಗೆ 8 ಕಿ.ಮೀ. ಅಂದರೆ ದೊಡ್ಡವರು ಮೆಲ್ಲಗೆ ಓಡಿದರೆ ಹಿಡಿಯಬಹುದಾದ ವೇಗ, ಅದು ಸಾಕು. ಮಕ್ಕಳ ಸೈಕಲ್ಲಿನ 12 ಇಂಚಿನ ಗಾಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ 95 ಸೆಂ.ಮೀ. ಸಾಗುತ್ತದೆ. 8 ಕಿ.ಮೀ. ವೇಗಕ್ಕೆ ಅದು ನಿಮಿಷಕ್ಕೆ ಸುಮಾರು 140 ಸುತ್ತು ತಿರುಗಬೇಕು. ಇ-ಸೈಕಲ್ಲಿಗೆ ಹಾಕುವ 24 ವೋಲ್ಟ್, 250 ವ್ಯಾಟ್ ಮೋಟಾರು ನಿಮಿಷಕ್ಕೆ 2,600 ಸುತ್ತಿನ ಆಸುಪಾಸು ತಿರುಗುತ್ತದೆ. ಹಾಗಾದರೆ ವೇಗವನ್ನು 18–19 ಪಟ್ಟು ಇಳಿಸಬೇಕು. ಒಂದೇ ಜೋಡಿ ಹಲ್ಲುಗಾಲಿಯಿಂದ ಇದಾಗದು. ಗೇರು ಕೂಡಿಕೊಂಡೇ ಬರುವ ಮೋಟಾರು ತಂದು ಉಳಿದದ್ದನ್ನು ಚೈನಿನಲ್ಲಿ ಇಳಿಸುವುದು ಸುಲಭ. ಇಷ್ಟು ಇಳಿಸಿದರೆ ಲಾಭ ಎರಡು: ವೇಗ ಹಿಡಿತದಲ್ಲಿರುತ್ತದೆ, ಏರು ಹತ್ತುವ ಬಲ ಹೆಚ್ಚುತ್ತದೆ.

ವೇಗದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಗಾಲಿಗಳ ನಡುವೆ 60 ಸೆಂ.ಮೀ. ಅಗಲ, ಕಾರು ಮತ್ತು ಮಗುವಿನ ಭಾರದ ಕೇಂದ್ರ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ ಇದೆ ಎಂದಿಟ್ಟುಕೊಳ್ಳಿ. ಎರಡು ಮೀಟರ್ ತ್ರಿಜ್ಯದ ತಿರುವನ್ನು 10 ಕಿ.ಮೀ. ವೇಗದಲ್ಲಿ ಅದು ಸುರಕ್ಷಿತವಾಗಿ ದಾಟುತ್ತದೆ. 20 ಕಿ.ಮೀ.ಗೆ ಏರಿದರೆ ಮಗುಚುವ ಮಿತಿಯನ್ನು ಎರಡು ಪಟ್ಟಿಗಿಂತ ಹೆಚ್ಚು ಮೀರುತ್ತದೆ. ಕೆಟ್ಟ ಮೊಪೆಡ್ಡಿನ ಎಂಜಿನ್ನು ಕಿತ್ತು ಮಗುವಿನ ಜೀಪಿಗೆ ಕೂರಿಸುವವರು ಈ ಲೆಕ್ಕ ಹಾಕಿರುವುದಿಲ್ಲ. ಜೊತೆಗೆ ಸುಡುವ ಸೈಲೆನ್ಸರ್, ಸೀಟಿನ ಕೆಳಗೇ ಪೆಟ್ರೋಲು. ಆ ಕಾರಣಕ್ಕೇ ನನ್ನ ಮತ ಪೆಡಲಿಗೆ. ಆಮೇಲೆ, ಮಗು ಎಂಟು ದಾಟಿದ್ದರೆ, ನಿಧಾನದ ಬ್ಯಾಟರಿಗೆ.

ಉಳಿದ ಎಚ್ಚರಿಕೆಗಳು ಚಿಕ್ಕವು, ಆದರೆ ಬಿಡುವಂಥವಲ್ಲ. ತಗಡಿನ ಅಂಚನ್ನು ಹಾಗೇ ಬಿಡದೆ ಮಡಚಿ ತಟ್ಟಬೇಕು. ಸೀಟು ನೆಲಕ್ಕೆ ಹತ್ತಿರವಿರಬೇಕು. ಬ್ರೇಕು ಹಿಂದಿನ ಎರಡೂ ಗಾಲಿಗೆ ಬೇಕು. ಬ್ಯಾಟರಿಯ ತಂತಿಗೆ ಫ್ಯೂಸು ಇರಬೇಕು, ದೊಡ್ಡವರ ಕೈಗೆ ಸಿಗುವಂತೆ ಹಿಂದೆ ಒಂದು ಸ್ವಿಚ್ಚು ಇರಬೇಕು. ಬಣ್ಣ ಕೊಳ್ಳುವಾಗ ಸೀಸದ ಪ್ರಮಾಣ ಕೇಳಬೇಕು: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು 2017ರ ನವೆಂಬರಿನಿಂದ ನಿಯಮವಿದೆ. ಗ್ಯಾರೇಜಿನಲ್ಲಿ ಉಳಿದ ಹಳೆಯ ಡಬ್ಬಿಯ ಬಣ್ಣ ಗೇಟಿಗೆ ಆದೀತು, ಮಗು ಬಾಯಿ ಹಾಕುವ ಸ್ಟಿಯರಿಂಗಿಗೆ ಬೇಡ.

ಅಂಗಳ ದಾಟಿದರೆ ಕಾನೂನು

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ 25 ಸಿಸಿ ಮೀರದ ಎಂಜಿನ್ನಿಗೆ ವಿನಾಯಿತಿ ಇದೆ, ಆದರೆ ನಾಲ್ಕಕ್ಕಿಂತ ಕಡಿಮೆ ಗಾಲಿ ಇದ್ದರೆ ಮಾತ್ರ. ಗಾಲಿ ನಾಲ್ಕಾದರೆ ಎಂಜಿನ್ನು ಎಷ್ಟೇ ಚಿಕ್ಕದಿರಲಿ, ರಸ್ತೆಗಿಳಿದ ಕೂಡಲೇ ಅದು ಮೋಟಾರು ವಾಹನವೆಂಬ ತಕರಾರು ಏಳುತ್ತದೆ. ಅದಕ್ಕೆ ನೋಂದಣಿ ಬೇಕು, ವಿಮೆ ಬೇಕು, ಓಡಿಸುವವನಿಗೆ 18 ತುಂಬಿರಬೇಕು. 2019ರ ತಿದ್ದುಪಡಿಯ 199ಎ ಕಲಮಿನ ಪ್ರಕಾರ ಅಪ್ರಾಪ್ತ ಮಗು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ವಾಹನದ ಒಡೆಯರೇ ಹೊಣೆ: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಕಬ್ಬಿನ ಟ್ರ್ಯಾಕ್ಟರು ಸಾಲುಗಟ್ಟುವ ರಸ್ತೆಯಲ್ಲಿ ಮೊಣಕಾಲೆತ್ತರದ ಜೀಪು ಡ್ರೈವರನ ಕಣ್ಣಿಗೇ ಬೀಳುವುದಿಲ್ಲ ಎಂಬುದು ಕಾನೂನಿಗಿಂತ ದೊಡ್ಡ ಕಾರಣ. ಮಕ್ಕಳ ಕಾರಿಗೆ ಅಂಗಳ, ಕಣ, ಹೊಲದ ಬದು, ಶಾಲೆಯ ಮೈದಾನ ಸಾಕು. ಟ್ರ್ಯಾಕ್ಟರ್ ಹಿಂದೆ ಸರಿಯುವ ಹೊತ್ತಿನಲ್ಲಿ ಕಣವೂ ಬೇಡ.

ಮಾಡಿ ಮಾರುವವರಿಗೆ ಇನ್ನೊಂದು ನಿಯಮವಿದೆ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿದ ಆಟಿಕೆಗೆ ವಿನಾಯಿತಿ ಇದೆ. ಗೋಕಾಕದ ಗೊಂಬೆ ಕಲಾವಿದರಿಗೆ ಇಲ್ಲೊಂದು ಬಾಗಿಲು ತೆರೆದಿದೆ. ಹಗುರ ಮರದ ಮರಿ ಟ್ರ್ಯಾಕ್ಟರು, ಎರಡು ಟ್ರೇಲರು, ಮೇಲೆ ಬಣ್ಣದ ಕಬ್ಬಿನ ಹೊರೆ: ಈ ಸೀಮೆಗಷ್ಟೇ ಸೇರಿದ ಇಂಥ ಆಟಿಕೆಯನ್ನು ಜಲಪಾತ ನೋಡಲು ಬಂದವರು ಕರದಂಟಿನ ಜೊತೆಗೇ ಕೊಂಡಾರು.

ಹಳೆಯದನ್ನು ಗುಜರಿಗೆ ಹಾಕಬೇಡಿ

ಅಟ್ಟದ ಮೇಲೆ ಹಳೆಯ ಪೆಡಲ್ ಕಾರೋ, ತಗಡಿನ ಬಸ್ಸೋ, ನಿಕಿ ಕಾರೋ ಇದ್ದರೆ ಕಿಲೋ ಲೆಕ್ಕದಲ್ಲಿ ಕೊಡುವ ಮುನ್ನ ಕೈ ತಡೆಯಿರಿ. ಹೊಸದಾಗಿ ಬಣ್ಣ ಹೊಡೆಸುವ ಅವಸರವೂ ಬೇಡ. ಸಂಗ್ರಾಹಕರು ಮೂಲ ಬಣ್ಣಕ್ಕೇ ಬೆಲೆ ಕೊಡುತ್ತಾರೆ, ಅದು ಕಿತ್ತುಹೋಗಿದ್ದರೂ. ರಟ್ಟಿನ ಪೆಟ್ಟಿಗೆ ಉಳಿದಿದ್ದರೆ ಬೆಲೆ ಇನ್ನಷ್ಟು ಏರುತ್ತದೆ. 1930ರ ದಶಕದ ಎರಕದ ಕಾರುಗಳಲ್ಲಿ ಸತುವಿಗೆ ಸೀಸ ಬೆರೆತಿದ್ದರೆ ಕಾಲ ಕಳೆದಂತೆ ಲೋಹವೇ ಬಿರಿದು ಉದುರುತ್ತದೆ. ತೇವವಿಲ್ಲದ ಜಾಗದಲ್ಲಿಟ್ಟರೆ ತುಸು ನಿಧಾನವಾಗುತ್ತದೆ, ಔಷಧ ಮಾತ್ರ ಇಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲೂ ದೊಡ್ಡವರ ಹಳೆಯ ಕಾರುಗಳಿಗೆ ಮನೆ ಸಿಕ್ಕಿದೆ. ಊರಿನ ಶಾಲೆಯ ಒಂದು ಕಪಾಟಿನಲ್ಲಿ ಕಣಿಕೆಯ ಚಕ್ಕಡಿಯಿಂದ ಮರಿ ಟ್ರ್ಯಾಕ್ಟರ್‌ವರೆಗಿನ ಆಟದ ಗಾಡಿಗಳನ್ನು ಜೋಡಿಸಿಡಲು ಅಷ್ಟು ದೊಡ್ಡ ಕಟ್ಟಡವೂ ಬೇಡ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಾರನ್ನು ನಾನು ದೂರುತ್ತಿಲ್ಲ. ಮಗು ಖುಷಿಯಿಂದ ಓಡಿಸುತ್ತದೆ. ಆದರೆ 12 ವೋಲ್ಟಿನ ಪುಟ್ಟ ಬ್ಯಾಟರಿ ಸತ್ತ ದಿನ, ಅಥವಾ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರಿದ ದಿನ, ಅದರ ಆಯುಸ್ಸು ಮುಗಿಯಿತು. ಬಿಡಿಭಾಗ ಹುಡುಕಿದರೂ ಸಿಗದು. ಬಾರ್ಗೋಡಿನ ಗಣಿ ಕೆಲಸಗಾರರು ಉಳಿದ ತಗಡಿನಲ್ಲಿ ಕಟ್ಟಿದ ಕಾರು ಮೂರು ತಲೆಮಾರು ಕಂಡಿತು. ಈ ಸಲ ರಜೆಯಲ್ಲಿ ಮಗುವಿಗೊಂದು ಕಾರು ಕೊಡಿಸುವ ಮನಸ್ಸಿದ್ದರೆ ಮೊದಲು ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಕೇಳಿ. ಪೆಡಲಿನದೇ ಮಾಡಿಸಿ. ಮಗುವನ್ನೂ ಕರೆದೊಯ್ದು, ಬೆಂಕಿ ಕಿಡಿಯಿಂದ ದೂರ ನಿಲ್ಲಿಸಿ, ಅಳತೆ ಹಿಡಿಯುವ ಕೆಲಸ ಅದಕ್ಕೇ ಕೊಡಿ. ಮನೆಗೆ ಬಂದ ಮೇಲೆ ನಟ್ಟು ಬಿಗಿಯುವುದನ್ನೂ ಬ್ರೇಕು ಸರಿಮಾಡುವುದನ್ನೂ ಕಲಿಸಿ. ಕಾರು ಓಡಿಸುವುದನ್ನು ಅದು ಹದಿನೆಂಟರ ಮೇಲೆ ಹೇಗೂ ಕಲಿತೀತು. ರಿಪೇರಿ ಮಾಡುವುದನ್ನು ಕಲಿಸಲು ಎಂಟು ವರ್ಷವೇ ತಕ್ಕ ವಯಸ್ಸು.